ಓದಿಗೊಂದು ವೇಳೆ ಗೊತ್ತುಮಾಡಿ

ಕನ್ನಡಿಗರು ಪುಸ್ತಕ ಕೊಳ್ಳುವುದಿಲ್ಲ ಎಂಬ ದೂರು ಬಹಳ ಹಳೆಯದು. ಈಗ ಅದನ್ನು ಅಷ್ಟು ಸಲೀಸಾಗಿ ಒಪ್ಪಲಾಗದು. ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲಿ ನಡೆಯಲಿ, ಮಂಡ್ಯದಲ್ಲಿ ನಡೆಯಲಿ, ಗೋಷ್ಠಿಗಳಲ್ಲಿ ಕುರ್ಚಿ ಖಾಲಿ ಇದ್ದರೂ ಪುಸ್ತಕ ಮಳಿಗೆಗಳ ಸಾಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನವೆಂಬರ್ ಬಂತೆಂದರೆ ಕನ್ನಡ ಪುಸ್ತಕ ಪ್ರಾಧಿಕಾರ ತನ್ನ ಪ್ರಕಟಣೆಗಳನ್ನು ಅರ್ಧ ಬೆಲೆಗೆ ಕೊಡುತ್ತದೆ, ಜನ ಚೀಲ ಹಿಡಿದೇ ಬರುತ್ತಾರೆ. 2025ರಲ್ಲಿ ವಿಧಾನಸೌಧದ ಆವರಣದಲ್ಲೇ ಪುಸ್ತಕ ಮೇಳ ನಡೆಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ, ಅದುವರೆಗೆ ಅವರ ಒಂದು ಕಥೆಯನ್ನೂ ಓದದಿದ್ದವರು ಅಂಗಡಿಗೆ ಹೋಗಿ ಅವರ ಪುಸ್ತಕ ಕೇಳಿದರು.

ಹಾಗೆ ಮನೆಗೆ ಬಂದ ಪುಸ್ತಕದ ಮುಂದಿನ ಕಥೆ ಬೇರೆ. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಆ ಸಂಕಲನದಲ್ಲಿರುವುದು 12 ಕಥೆ. ರಾತ್ರಿಗೊಂದರಂತೆ ಓದಿದರೆ ಎರಡು ವಾರ ಬೇಡ. ಆದರೂ ಅಂಥ ಪುಸ್ತಕ ಎಷ್ಟೋ ಮನೆಗಳಲ್ಲಿ ಮೊದಲ ಕಥೆಯ ಮೂರನೆಯ ಪುಟಕ್ಕೆ ಬಸ್ ಟಿಕೆಟ್ ಸಿಕ್ಕಿಸಿಕೊಂಡು ಟಿ.ವಿ. ಪಕ್ಕ ಕೂತಿರುತ್ತದೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಟೈಮೇ ಸಿಗಲ್ಲ ನೋಡಿ.’

ಉತ್ತರ ಸುಳ್ಳೇನಲ್ಲ. ಆದರೆ ಓದಿಗೆ ಸಮಯ ತಾನಾಗಿ ಒದಗಿಬಂದ ಕಾಲ ಎಂದೂ ಇರಲಿಲ್ಲ. ಹೊಲ, ದನ, ನೀರು, ಸೌದೆ ಎಂದು ದುಡಿದವರಿಗೆ ನಮಗಿಂತ ಹೆಚ್ಚು ಬಿಡುವಿತ್ತೆಂದು ಯಾರೂ ಹೇಳಲಾರರು. ಅವರ ದಿನದಲ್ಲಿ ಓದಿಗೆಂದು ಗೊತ್ತಾದ ಒಂದು ವೇಳೆಯಿತ್ತು, ಒಂದು ಜಾಗವಿತ್ತು. ನಮ್ಮಲ್ಲಿ ಓದುವ ಆಸೆ ಬೇಕಾದಷ್ಟಿದೆ. ಆ ವೇಳೆ ಮತ್ತು ಆ ಜಾಗ ಕೈತಪ್ಪಿವೆ. ಅವನ್ನು ಮತ್ತೆ ಮಾಡಿಕೊಳ್ಳುವುದು ಹೇಗೆ ಎಂಬುದೇ ಈ ವಾರದ ವಿಚಾರ.

ಉತ್ತರ ಕರ್ನಾಟಕದ ಊರುಗಳಲ್ಲಿ ಶ್ರಾವಣ ಬಂದರೆ ಮಠದಲ್ಲೋ ಗುಡಿಯಲ್ಲೋ ಪುರಾಣ ಹಚ್ಚುತ್ತಾರೆ. ರಾತ್ರಿ ಊಟ ಮುಗಿಸಿ ಜನ ಬಂದು ಕೂಡುತ್ತಾರೆ. ಹಾರ್ಮೋನಿಯಂ, ತಬಲಾ ಸಂಗಡ ಒಬ್ಬರು ಪದ್ಯ ಹಾಡುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಬಸವ ಪುರಾಣವೋ ಹೇಮರೆಡ್ಡಿ ಮಲ್ಲಮ್ಮನ ಪುರಾಣವೋ, ಆ ರಾತ್ರಿಯ ಪಾಲು ಮುಗಿದರೆ ಕಥೆ ಎಲ್ಲಿಗೆ ಬಂದಿದೆಯೋ ಅಲ್ಲಿಗೇ ನಿಲ್ಲಿಸಿ ಮಂಗಳಾರತಿ. ತಿಂಗಳ ಕೊನೆಗೆ ಪುರಾಣದ ಮಹಾಮಂಗಲ, ಊರಿಗೆಲ್ಲ ಊಟ. ಹಳೆ ಮೈಸೂರು, ಮಲೆನಾಡುಗಳ ಕಡೆ ಇದೇ ರೀತಿ ಕುಮಾರವ್ಯಾಸ ಭಾರತ, ಜೈಮಿನಿ ಭಾರತಗಳ ವಾಚನ ನಡೆಯುತ್ತಿತ್ತು. ಮನೆಯೊಳಗಾದರೆ ದೇವರ ಕೋಣೆಯ ಮೂಲೆಯಲ್ಲಿ ಮರದ ವ್ಯಾಸಪೀಠ, ಅದರ ಮೇಲೆ ಕೆಂಪು ವಸ್ತ್ರ ಹೊದ್ದ ಗ್ರಂಥ, ನಿನ್ನೆ ಬಿಟ್ಟ ಪುಟದ ನಡುವೆ ಒಂದು ನವಿಲುಗರಿ.

ಭಕ್ತಿಯನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು ಈ ಏರ್ಪಾಡನ್ನಷ್ಟೇ ನೋಡಿ. ಊಟವಾದ ಮೇಲೆ ಎಂಬ ವೇಳೆ ಇದೆ. ಕೂರುವ ಜಾಗ ದಿನವೂ ಅದೇ. ಪುಸ್ತಕವನ್ನು ಹುಡುಕುವ ಕೆಲಸವಿಲ್ಲ, ಅದು ಪೀಠದ ಮೇಲೇ ಇದೆ. ಎಲ್ಲಿಂದ ಶುರುಮಾಡಬೇಕೆಂದು ನವಿಲುಗರಿ ಹೇಳುತ್ತದೆ, ಎಲ್ಲಿ ನಿಲ್ಲಿಸಬೇಕೆಂದು ಅಂದಿನ ಪಾಲು ಹೇಳುತ್ತದೆ. ಜೊತೆಗೆ ಕೇಳುವ ನಾಲ್ಕು ಜನ. ಇವತ್ತು ಓದಲು ಮನಸ್ಸಿದೆಯೇ ಎಂದು ಯಾರೂ ತಮ್ಮನ್ನು ಕೇಳಿಕೊಳ್ಳುವ ಪ್ರಮೇಯವೇ ಬರುತ್ತಿರಲಿಲ್ಲ. ಕುಮಾರವ್ಯಾಸನ ಕಾವ್ಯದಲ್ಲಿ ಎಂಟು ಸಾವಿರಕ್ಕೂ ಮಿಕ್ಕ ಪದ್ಯಗಳಿವೆ. ಅಕ್ಷರ ಬಾರದವರೂ ಅದನ್ನು ಮೊದಲಿಂದ ಕೊನೆಯವರೆಗೆ ಕೇಳಿ ಮುಗಿಸಿದ್ದರೆ ಅದು ಈ ಏರ್ಪಾಡಿನ ಬಲದಿಂದ.

ಅಚ್ಚಿನ ಪುಸ್ತಕ ಬಂದ ಮೇಲೆ ಏರ್ಪಾಡು ಬದಲಾಯಿತು, ಹೋಗಲಿಲ್ಲ. ಗಳಗನಾಥರು (1869–1942) ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಓದುಗ ಪುಸ್ತಕದ ಬಳಿ ಹೋಗುವ ಮೊದಲು ಪುಸ್ತಕವೇ ಅವನ ಮನೆಬಾಗಿಲಿಗೆ ಬಂತು. 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಕಟ್ಟಿಕೊಂಡು ಬೆಳೆಯಿತು. ಜೊತೆಗೆ ವಾರಪತ್ರಿಕೆಗಳೂ ಬಂದವು. 1921ರ ‘ಕರ್ಮವೀರ’, 1965ರ ‘ಸುಧಾ’, 1983ರ ‘ತರಂಗ’ ಮನೆಗೆ ಬರುವ ದಿನ ಎಲ್ಲರಿಗೂ ಗೊತ್ತಿರುತ್ತಿತ್ತು. ಧಾರಾವಾಹಿಯನ್ನು ಮೊದಲು ಯಾರು ಓದಬೇಕೆಂದು ಅಕ್ಕತಂಗಿಯರಲ್ಲಿ ಜಗಳ, ಅಮ್ಮ ಮಧ್ಯೆ ಬಂದು ಪತ್ರಿಕೆಯನ್ನು ತಾನೇ ಕಿತ್ತುಕೊಳ್ಳುವುದು, ಇವೆಲ್ಲ ಆ ದಿನದ ಕಾರ್ಯಕ್ರಮ.

ಮೈಸೂರು, ಬೆಂಗಳೂರುಗಳ ಬಡಾವಣೆಗಳಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಗಳಿದ್ದವು. ಒಂದು ಮಳಿಗೆಯಷ್ಟೇ ಜಾಗ, ಗೋಡೆ ತುಂಬ ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ. ಬೈಂಡು ಹಾಕಿದ ಕಾದಂಬರಿಗೆ ದಿನದ ಲೆಕ್ಕದಲ್ಲಿ ಬಾಡಿಗೆ. ಇಟ್ಟುಕೊಂಡಷ್ಟು ದಿನ ದುಡ್ಡು ಏರುತ್ತದೆ, ಅದಕ್ಕೇ ಒಗ್ಗರಣೆಯ ಸೌಟು ಒಂದು ಕೈಯಲ್ಲಿ, ಕಾದಂಬರಿ ಇನ್ನೊಂದು ಕೈಯಲ್ಲಿ. ಬಾಡಿಗೆ ಪುಸ್ತಕ ಓದಿ ಮುಗಿಯುತ್ತಿತ್ತು, ಸ್ವಂತದ್ದು ಹಾಗೇ ಉಳಿಯುತ್ತಿತ್ತು. ಸ್ವಂತ ಪುಸ್ತಕಕ್ಕೆ ಯಾವ ಗಡುವೂ ಇಲ್ಲವಲ್ಲ.

ಆಮೇಲೆ ಧಾರಾವಾಹಿ ಪತ್ರಿಕೆಯಿಂದ ಟಿ.ವಿ.ಗೆ ಹೋಯಿತು. ಉಳಿದ ಚೂರುಪಾರು ಹೊತ್ತನ್ನು ಮೊಬೈಲ್ ತೆಗೆದುಕೊಂಡಿತು. ಇದರ ಬಗ್ಗೆ ಬೇಕಾದಷ್ಟು ಗೋಳಾಡಿದ್ದಾಗಿದೆ, ಇಲ್ಲಿ ಮತ್ತೆ ಬೇಡ. ಆದರೆ ಒಂದು ಸಂಗತಿ ಗಮನಿಸಿ: ಮೊಬೈಲ್ ನೋಡುವುದಕ್ಕೆ ನಾವ್ಯಾರೂ ಸಂಕಲ್ಪ ಮಾಡಿದವರಲ್ಲ. ಅದು ಸದಾ ಕೈಗೆಟುಕುವಲ್ಲಿದೆ, ತೆರೆದ ಕ್ಷಣ ಏನೋ ಒಂದು ಸಿಗುತ್ತದೆ, ಹಾಗಾಗಿ ಅಭ್ಯಾಸವಾಯಿತು. ಓದು ಅಭ್ಯಾಸವಾಗಬೇಕಾದರೂ ದಾರಿ ಇದೇ.

ಅಭ್ಯಾಸ ಬೇರೂರಲು ಎಷ್ಟು ದಿನ ಬೇಕು? 21 ದಿನ ಎಂಬ ಮಾತನ್ನು ಭಾಷಣಗಳಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಕೇಳಿಯೇ ಇರುತ್ತೀರಿ. ಅದರ ಮೂಲ ಹುಡುಕಿದರೆ ಸಿಗುವವರು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್. ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆಯೆಂದರೂ ಸುಮಾರು 21 ದಿನ ಬೇಕಾಗುತ್ತದೆಂದು ಅವರು 1960ರ ಪುಸ್ತಕವೊಂದರಲ್ಲಿ ಬರೆದರು. ಬಾಯಿಂದ ಬಾಯಿಗೆ ಹೋಗುತ್ತ ‘ಕಡಿಮೆಯೆಂದರೂ’ ಉದುರಿತು, ಮುಖದ ಮಾತು ಮರೆಯಿತು, 21 ಮಾತ್ರ ಉಳಿಯಿತು.

ಇದನ್ನು ಅಳೆದೇ ನೋಡೋಣ ಎಂದು ಹೊರಟವರು ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು. ಅವರ ಅಧ್ಯಯನ ಪ್ರಕಟವಾದದ್ದು 2009ರಲ್ಲಿ. 96 ಜನ ತಮಗೆ ಬೇಕಾದ ಒಂದೊಂದು ಸಣ್ಣ ಕೆಲಸ ಆರಿಸಿಕೊಂಡು, ದಿನಚರಿಯಲ್ಲಿ ಆಗಲೇ ಇದ್ದ ಒಂದು ಘಟ್ಟಕ್ಕೆ ಅದನ್ನು ಕಟ್ಟಿಕೊಂಡರು: ಊಟದ ಜೊತೆ ಒಂದು ಹಣ್ಣು, ತಿಂಡಿಯಾದ ಮೇಲೆ ಒಂದಷ್ಟು ನಡಿಗೆ, ಹೀಗೆ. 84 ದಿನ ವರದಿ ಬರೆದರು. ಕೆಲಸ ಯೋಚಿಸದೆ ತಾನಾಗಿ ನಡೆಯುವ ಹಂತ ಮುಟ್ಟಲು ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾದೀತೆಂದು ಲೆಕ್ಕ ಹೇಳಿತು. ನಡುವಿನ ಅಂಕಿ 66. ನಮ್ಮವರು ವ್ರತಕ್ಕೆ ಹಿಡಿಯುವ ಮಂಡಲವೆಂದರೆ 48 ದಿನ, 21ಕ್ಕಿಂತ ಅದೇ ಈ ಅಂಕಿಗೆ ಹತ್ತಿರ. ನೀರು ಕುಡಿಯುವಂಥ ಸುಲಭದ ಕೆಲಸ ಬೇಗ ರೂಢಿಯಾಯಿತು, ಕಸರತ್ತು ತಡವಾಯಿತು. ಇದೆಲ್ಲಕ್ಕಿಂತ ನಮಗೆ ಬೇಕಾದ ಅಂಶ ಇನ್ನೊಂದಿದೆ. ನಡುವೆ ಒಂದು ದಿನ ತಪ್ಪಿದರೂ ಅಭ್ಯಾಸ ಕೆಡಲಿಲ್ಲ. ಒಂದು ರಾತ್ರಿ ಓದದಿದ್ದಕ್ಕೆ ‘ಇನ್ನು ನನ್ನ ಕೈಲಾಗದು’ ಎಂದು ಪುಸ್ತಕ ಮುಚ್ಚಿಡುವವರು ಇದನ್ನು ನೆನಪಿಡಬೇಕು. ಮರುದಿನ ಎರಡು ದಿನದ್ದು ಸೇರಿಸಿ ಓದಿ ಬಾಕಿ ತೀರಿಸಲೂ ಹೋಗಬೇಡಿ. ಎಂದಿನ ವೇಳೆಗೆ ಎಂದಿನ ಪಾಲು, ಅಷ್ಟೇ.

ವೇಳೆ ಗೊತ್ತುಮಾಡುವುದೆಂದರೆ ಹೊಸ ವರ್ಷದ ದಿನ ‘ಈ ವರ್ಷ ದಿನಾ ಓದ್ತೀನಿ’ ಎನ್ನುವುದಲ್ಲ. ಯಾವಾಗ, ಎಲ್ಲಿ, ಏನು ಮಾಡುತ್ತೇನೆಂದು ಮೊದಲೇ ನಿಶ್ಚಯಿಸಿದವರು ಅದನ್ನು ಮಾಡಿ ಮುಗಿಸುವ ಸಂಭವ ಹೆಚ್ಚೆಂದು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ಬರೆದ ಲೇಖನ ಈ ಕ್ಷೇತ್ರದಲ್ಲಿ ಹೆಸರಾದದ್ದು. ‘ರಾತ್ರಿ ಅಡುಗೆಮನೆ ದೀಪ ಆರಿಸಿದ ಮೇಲೆ, ನಡುಮನೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ, ಹತ್ತು ಪುಟ.’ ಮಾತು ಇಷ್ಟು ಖಚಿತವಾಗಿರಬೇಕು. ಗಡಿಯಾರದ ಗಂಟೆಗಿಂತ ದಿನವೂ ತಪ್ಪದೆ ನಡೆಯುವ ಕೆಲಸವೊಂದಕ್ಕೆ ಕಟ್ಟುವುದು ಒಳ್ಳೆಯದು, ಏಕೆಂದರೆ ಮನೆಗೆ ನೆಂಟರು ಬಂದರೆ ಒಂಬತ್ತು ಗಂಟೆ ಅವರ ಪಾಲಾಗುತ್ತದೆ. ಅಡುಗೆಮನೆ ದೀಪವಂತೂ ಎಷ್ಟು ಹೊತ್ತಾದರೂ ಆರಲೇಬೇಕು. ಬೆಳಗಿನ ಕಾಫಿಯ ಜೊತೆಗೂ ಆದೀತು, ಮಗುವಿನ ಟ್ಯೂಷನ್ ಬಿಡುವುದನ್ನು ಕಾಯುವ ಹೊತ್ತೂ ಆದೀತು. ಚಲ್ಲಘಟ್ಟದ ಕಡೆಯಿಂದ ವೈಟ್‌ಫೀಲ್ಡ್‌ಗೆ ಮೆಟ್ರೊದಲ್ಲಿ ಓಡಾಡುವವರಿಗೆ, ಸೀಟು ಸಿಕ್ಕಿದರೆ, ಒಂದು ದೊಡ್ಡ ಕಥೆಯೇ ಮುಗಿಯುತ್ತದೆ. ಹಾಸಿಗೆಯಲ್ಲಿ ಮಲಗಿಕೊಂಡು ಓದುವುದು ಮಾತ್ರ ಹೊಸಬರಿಗೆ ಆಗಿಬರುವುದಿಲ್ಲ. ಎರಡನೆಯ ಪುಟಕ್ಕೆ ಪುಸ್ತಕ ಮೂಗಿನ ಮೇಲೆ ಬೀಳುತ್ತದೆ.

ಹತ್ತು ಪುಟ ಎಂದರೆ ಕಡಿಮೆಯಾಯಿತೇ? ವರ್ಷಕ್ಕೆ 3,650 ಪುಟ. 200 ಪುಟದ ಕಾದಂಬರಿಯ ಲೆಕ್ಕದಲ್ಲಿ 18 ಪುಸ್ತಕ. ಏಳುನೂರು ಪುಟ ದಾಟುವ ‘ಮಲೆಗಳಲ್ಲಿ ಮದುಮಗಳು’ ಎರಡೂವರೆ ತಿಂಗಳಿಗೆ ಮುಗಿಯುತ್ತದೆ. 1967ರಲ್ಲಿ ಬಂದ ಆ ಕಾದಂಬರಿಯನ್ನು ಇಂದಿಗೂ ‘ಓದಬೇಕು’ ಎನ್ನುತ್ತಲೇ ಇರುವವರು ಎಷ್ಟು ಜನ! ಮೈಗೆ ಹುಷಾರಿಲ್ಲದ ದಿನ, ಮದುವೆ ಮನೆಯಿಂದ ತಡವಾಗಿ ಬಂದ ದಿನ ಎರಡೇ ಪುಟ ಓದಿ ಏಳಿ. ಅಂಥ ದಿನ ಪುಟದ ಲೆಕ್ಕ ಮುಖ್ಯವಲ್ಲ, ಆ ಕುರ್ಚಿಗೆ ಹೋಗಿ ಕೂತದ್ದು ಮುಖ್ಯ.

ಪುಸ್ತಕದ ಆಯ್ಕೆಯಲ್ಲೇ ಬಹಳ ಮಂದಿ ಎಡವುತ್ತಾರೆ. ಓದು ಬಿಟ್ಟು ವರ್ಷಗಳಾದವರು ಮತ್ತೆ ಶುರುಮಾಡುವಾಗ ಹೆಸರಿಗೆ ತಕ್ಕ ಭಾರದ ಪುಸ್ತಕವೇ ಆಗಬೇಕೆಂದು ‘ಪರ್ವ’ ಎತ್ತಿಕೊಳ್ಳುತ್ತಾರೆ. ಭೈರಪ್ಪನವರ ಆ ಕಾದಂಬರಿ ಓದಲೇಬೇಕಾದದ್ದು ನಿಜ, ಮೊದಲ ವಾರ ಮಾತ್ರ ಅದಕ್ಕಲ್ಲ. ದಿನದ ಪಾಲಿಗೆ ಹೇಳಿ ಮಾಡಿಸಿದಂಥ ಪುಸ್ತಕಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳಲ್ಲಿ ಎಲ್ಲಿ ತೆರೆದರೂ ಒಬ್ಬ ವ್ಯಕ್ತಿ ಎದುರಾಗುತ್ತಾನೆ. ಗೊರೂರರ ‘ಹಳ್ಳಿಯ ಚಿತ್ರಗಳು’, ಎ.ಎನ್. ಮೂರ್ತಿರಾಯರ ಪ್ರಬಂಧಗಳು, ಮಾಸ್ತಿಯವರ ಸಣ್ಣಕಥೆಗಳು ಒಂದೊಂದೂ ಒಂದು ಸಲ ಕೂತರೆ ಮುಗಿಯುವಂಥವು. ತೇಜಸ್ವಿಯವರ ‘ಕರ್ವಾಲೊ’ ಹಿಡಿದವರಿಗೆ ಹತ್ತು ಪುಟಕ್ಕೆ ನಿಲ್ಲಿಸುವುದೇ ಕಷ್ಟ. ಇಷ್ಟೂ ಆಗದು ಎನ್ನುವವರಿಗೆ ‘ಮಂಕುತಿಮ್ಮನ ಕಗ್ಗ’ ಇದೆ. ನಾಲ್ಕು ನಾಲ್ಕು ಸಾಲಿನ 945 ಪದ್ಯ, ದಿನಕ್ಕೊಂದರಂತೆ ಓದಿದರೆ ಎರಡೂವರೆ ವರ್ಷ ದಾಟುತ್ತದೆ. ಬೆಳಗಿನ ಕಾಫಿಗೆ ಒಂದು ಕಗ್ಗ, ಇಲ್ಲವೇ ಒಂದು ವಚನ ಎಂದು ನೇಮ ಹಿಡಿದ ಮನೆಗಳು ಈಗಲೂ ಇವೆ.

ಹಿಡಿಸದ ಪುಸ್ತಕವನ್ನು ಬಿಡುವ ಧೈರ್ಯವೂ ಬೇಕು. ಗ್ರಂಥಾಲಯ ವಿಜ್ಞಾನಕ್ಕೆ ಐದು ಸೂತ್ರ ಕೊಟ್ಟ ಎಸ್.ಆರ್. ರಂಗನಾಥನ್ ತಮಿಳುನಾಡಿನವರು. ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಇಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಗೊಂದು ಕೇಂದ್ರ ಕಟ್ಟಿ, 1972ರಲ್ಲಿ ಇಲ್ಲೇ ತೀರಿಕೊಂಡರು. ಪ್ರತಿಯೊಬ್ಬ ಓದುಗನಿಗೂ ಅವನದೇ ಆದ ಪುಸ್ತಕವಿದೆ, ಪ್ರತಿ ಪುಸ್ತಕಕ್ಕೂ ಅದರದೇ ಓದುಗನಿದ್ದಾನೆ ಎಂಬುದು ಆ ಸೂತ್ರಗಳಲ್ಲಿ ಎರಡರ ತಾತ್ಪರ್ಯ. ಐವತ್ತು ಪುಟವಾದರೂ ಒಳಗೆ ಬಿಟ್ಟುಕೊಳ್ಳದ ಪುಸ್ತಕ ಸದ್ಯಕ್ಕೆ ಬೇರೆಯವರದು ಎಂದುಕೊಂಡು ಮುಂದಿನದಕ್ಕೆ ಹೋಗಿ. ಹಟಕ್ಕೆ ಬಿದ್ದು ಅದನ್ನೇ ಹಿಡಿದು ಕೂತರೆ ಪುಸ್ತಕವೂ ಮುಗಿಯದು, ಓದುವ ಅಭ್ಯಾಸವೂ ಉಳಿಯದು.

ಆದರೆ ಹಿಡಿಸದ್ದು ಬೇರೆ, ಗಟ್ಟಿಯಾದದ್ದು ಬೇರೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯನ್ನು ಪೇಪರ್ ಓದಿದ ಹಾಗೆ ಕಣ್ಣಲ್ಲೇ ಓಡಿಸಲು ಹೋದರೆ, ನಂಜನಗೂಡು ಸೀಮೆಯ ಆಡುಮಾತು ಬಾರದವರಿಗೆ ಮೊದಲ ಪುಟದಲ್ಲೇ ತಡೆಯುತ್ತದೆ. ಬಾಯಿಬಿಟ್ಟು ಓದಿ ನೋಡಿ. ಅಪರಿಚಿತವಾಗಿ ಕಂಡ ಪದ ಕಿವಿಗೆ ಬಿದ್ದೊಡನೆ ಗುರುತು ಹತ್ತುತ್ತದೆ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ತಿಳಿಯುತ್ತದೆ, ಸಾಲು ಅರ್ಥವಾಗುತ್ತದೆ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ತೊಂದರೆ ಬೇರೆ. ಅಲ್ಲಿ ಜನ ಜಾಸ್ತಿ, ಮನೆಗಳು ಜಾಸ್ತಿ, ಇವನೇ ನಾಯಕ ಎಂದು ಬೆರಳಿಟ್ಟು ತೋರಿಸುವಂತಿಲ್ಲ. ಒಂದು ಚೀಟಿಯಲ್ಲಿ ಯಾರು ಯಾವ ಮನೆಯವರು, ಯಾರಿಗೆ ಏನಾಗಬೇಕು ಎಂದು ಬರೆದು ಪುಸ್ತಕದೊಳಗೇ ಇಟ್ಟುಕೊಂಡರೆ ನೂರನೆಯ ಪುಟದ ಹೊತ್ತಿಗೆ ಚೀಟಿ ಬೇಡವಾಗುತ್ತದೆ.

ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬೆಳೆದವರಿಗೆ ಇನ್ನೊಂದು ಮುಜುಗರವಿದೆ. ಇಂಗ್ಲಿಷ್ ಪುಟ ಸರಸರನೆ ಸಾಗುತ್ತದೆ, ಕನ್ನಡದ ಪುಟದಲ್ಲಿ ಒತ್ತಕ್ಷರ ಬಂದಲ್ಲೆಲ್ಲ ಕಣ್ಣು ಎಡವುತ್ತದೆ. ಮಾತಿನಲ್ಲಿ ಕನ್ನಡ ಚೆನ್ನಾಗಿದ್ದೂ ಓದಿನಲ್ಲಿ ಹಿಂದೆ ಬೀಳುವುದು ನಾಚಿಕೆ ಎನಿಸಿ ಅನೇಕರು ಬಿಟ್ಟೇಬಿಡುತ್ತಾರೆ. ಇದು ದಡ್ಡತನವಲ್ಲ, ಬಳಕೆ ತಪ್ಪಿದ್ದು. ದಿನವೂ ನಾಲ್ಕು ಪುಟ ಗಟ್ಟಿಯಾಗಿ ಓದುತ್ತ ಹೋದರೆ ಕಣ್ಣು ಅಕ್ಷರ ಅಕ್ಷರವಾಗಿ ಹೆಕ್ಕುವುದನ್ನು ಬಿಟ್ಟು ಪದವನ್ನು ಇಡಿಯಾಗಿ ಗುರುತಿಸತೊಡಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಅವರಿಗೆ ಓದಿ ಹೇಳಿ. ಒಬ್ಬರ ಓದಿಗೆ ಇಬ್ಬರ ಲಾಭ.

ಮೊಬೈಲನ್ನು ಆ ಹೊತ್ತಿಗೆ ಇನ್ನೊಂದು ಕೋಣೆಯಲ್ಲಿ ಚಾರ್ಜಿಗೆ ಹಾಕಿ. ಕೈಗೆಟುಕುವಲ್ಲಿ ಅದಿದ್ದು ಪುಸ್ತಕ ಕಪಾಟಿನಲ್ಲಿದ್ದರೆ ಯಾರು ಗೆಲ್ಲುತ್ತಾರೆಂದು ಹೇಳಬೇಕಿಲ್ಲ. ಮೊಬೈಲಿನಲ್ಲೇ ಓದುವವರಿಗೆ ಋತುಮಾನ, ಮೈಲ್ಯಾಂಗ್‌ನಂಥ ಕನ್ನಡದ ಇ-ಪುಸ್ತಕ ವೇದಿಕೆಗಳು ಬಂದಿವೆ. ಬೇಕಾದ ಪುಸ್ತಕ ಮೊದಲೇ ಇಳಿಸಿಕೊಂಡು, ಓದುವ ಹೊತ್ತಿನಲ್ಲಿ ಇಂಟರ್ನೆಟ್ ಆಫ್ ಮಾಡುವುದು ಕ್ಷೇಮ.

ಒಂಟಿ ಓದಿಗೂ ಜೊತೆ ಬೇಕೆನಿಸುವುದು ಸಹಜ. 2023ರ ಆರಂಭದಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಿಗ್ಗೆ ಕೆಲವರು ಚಾಪೆ ಹಾಸಿ ತಮ್ಮ ತಮ್ಮ ಪುಸ್ತಕ ಹಿಡಿದು ಸುಮ್ಮನೆ ಕೂತು ಓದಲು ಶುರುಮಾಡಿದರು. ಭಾಷಣವಿಲ್ಲ, ಚರ್ಚೆಯಿಲ್ಲ, ಸದಸ್ಯತ್ವವಿಲ್ಲ. ‘ಕಬ್ಬನ್ ರೀಡ್ಸ್’ ಎಂಬ ಆ ಪದ್ಧತಿ ಬೇರೆ ಬೇರೆ ನಗರಗಳಿಗೂ ಹಬ್ಬಿತು. ನಿಮ್ಮ ಬಡಾವಣೆಯ ಪಾರ್ಕಿನ ಕಲ್ಲುಬೆಂಚಿನಲ್ಲಿ ಇಬ್ಬರು ಕೂತರೂ ಅದು ಅದೇ.

ಇನ್ನು ಪುಸ್ತಕಕ್ಕೆ ದುಡ್ಡೆಲ್ಲಿ ಎನ್ನುವವರಿಗೆ ಒಂದು ಮಾತು. ಕಬ್ಬನ್ ಪಾರ್ಕಿನಲ್ಲೇ 1915ರ ಕೆಂಪು ಕಟ್ಟಡದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಜಿಲ್ಲೆ, ತಾಲ್ಲೂಕುಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳಿವೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಶಾಲೆಗಳು ಮುಚ್ಚಿದ್ದ 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಮಕ್ಕಳನ್ನು ಅಲ್ಲಿಗೆ ಕರೆತಂದಿತು. ಗ್ರಂಥಾಲಯದ ಪುಸ್ತಕದಲ್ಲಿ ಅಂಟಿಸಿದ ಚೀಟಿಯೊಂದಿರುತ್ತದೆ, ಅದರ ಮೇಲೆ ನೇರಳೆ ಇಂಕಿನ ಮುದ್ರೆಯಲ್ಲಿ ಹಿಂದಿರುಗಿಸಬೇಕಾದ ತಾರೀಖು. ಸರ್ಕ್ಯುಲೇಟಿಂಗ್ ಲೈಬ್ರರಿಯ ಬಾಡಿಗೆ ಮಾಡುತ್ತಿದ್ದ ಕೆಲಸವನ್ನು ಈ ತಾರೀಖು ಮಾಡುತ್ತದೆ. ಹದಿನಾಲ್ಕು ದಿನಕ್ಕೆ 140 ಪುಟ, ಗಡುವಿನೊಳಗೆ ಒಂದು ಸಣ್ಣ ಕಾದಂಬರಿ.

ಇದಕ್ಕೆ ನೀವು ಯಾರಿಗೂ ಋಣಿಯಾಗಬೇಕಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಸೆಸ್ ಸೇರಿರುತ್ತದೆ. ಬೆಂಗಳೂರಿನಲ್ಲಿ ಅದು ಶೇ 6. ಕಳೆದ ಸಲ ಕಂದಾಯ ಕಟ್ಟಿದ ರಸೀದಿ ತೆಗೆದು ನೋಡಿ. ಓದಿದರೂ ಬಿಟ್ಟರೂ ವರ್ಷವರ್ಷವೂ ದುಡ್ಡು ಕೊಟ್ಟೇ ಇದ್ದೀರಿ. ಈ ಶನಿವಾರ ಹೋಗಿ ಸದಸ್ಯತ್ವ ಮಾಡಿಸಿ, ಒಂದು ಪುಸ್ತಕ ತನ್ನಿ.